‘ಕರಪ್ಷನ್’ ಶಬ್ದಾರ್ಥವಿಚಾರ: ಪತಿತ, ಭ್ರಷ್ಟ, ಕೆಟ್ಟ

ಆಂಗ್ಲಭಾಷೆಯ ‘ಕರಪ್ಷನ್’ ಎಂಬ ಪದಕ್ಕೆ ಕನ್ನಡದಲ್ಲಿ ‘ಭ್ರಷ್ಟಾಚಾರ’ವೆಂಬ ಪ್ರತಿಪದವು ಈಗ ಸರ್ವತ್ರ ರೂಢವಾಗಿರುತ್ತದೆ. ವೃತ್ತಪತ್ರಿಕೆಗಳಲ್ಲಿಯೂ ಶಾಸನಸಭೆಯ ಚರ್ಚೆಗಳಲ್ಲಿಯೂ ಸರಕಾರದ ಆಜ್ಞಾಪತ್ರಗಳಲ್ಲಿಯೂ ಇದೇ ಪದವು ಕಾಣಬರುವುದು. 2016ರಲ್ಲಿ ಕರ್ಣಾಟಕ ಸರಕಾರವು ಸ್ಥಾಪಿಸಿದ, 2022ರಲ್ಲಿ ಉಚ್ಚ ನ್ಯಾಯಾಲಯದ ತೀರ್ಪಿನಿಂದ ರದ್ದಾದ ದಳಕ್ಕೂ ‘ಭ್ರಷ್ಟಾಚಾರ ನಿಗ್ರಹ ದಳ’ವೆಂದೇ ಹೆಸರಿದ್ದಿತು. ಶಾಸ್ತ್ರಕ್ಕಿಂತ ರೂಢಿಯು ಬಲವತ್ತರವಾದುದರಿಂದ ಈ ಪದವನ್ನು ಅಲ್ಲಗಳೆಯುವುದು ನಿಷ್ಪ್ರಯೋಜನ. ಆದರೂ ಈ ಎರಡು ಪದಗಳು ಒಂದೇ ಅರ್ಥವನ್ನು ಬೋಧಿಸುವುವೇ, ಒಂದನ್ನು ಇನ್ನೊಂದರ ಸ್ಥಾನದಲ್ಲಿಟ್ಟಾಗ ಉಳಿಯುವುದೇನು, ಜಾರಿಹೋಗುವುದೇನು ಎಂಬುದು ವಿಚಾರಾರ್ಹವಾದ ವಿಷಯ. ಈ ವಿಚಾರಕ್ಕೆ ಬೇಕಾದ ಸಾಮಗ್ರಿಯ ಬಹುಭಾಗವು ಸೇಡಂ, ಚಿತ್ತಾಪುರ, ಶಹಾಬಾದುಗಳ ಸೀಮೆಯಲ್ಲಿಯೂ ಅದಕ್ಕೆ ಅನತಿದೂರವಾದ ಕಲ್ಯಾಣದಲ್ಲಿಯೂ ಹುಟ್ಟಿದ ಗ್ರಂಥಗಳಲ್ಲಿಯೇ ದೊರೆಯುವುದು.

ಮೊದಲು ಆಂಗ್ಲಪದದ ಮೂಲವನ್ನು ನೋಡಬೇಕು. ಲ್ಯಾಟಿನ್ ಭಾಷೆಯಲ್ಲಿ ‘ರುಂಪೆರೆ’ ಎಂದರೆ ಮುರಿ, ಒಡೆ ಎಂದರ್ಥ. ಅದಕ್ಕೆ ‘ಪೂರ್ಣವಾಗಿ’ ಎಂಬರ್ಥದ ಉಪಸರ್ಗವು ಸೇರಿ ‘ಕೊರ್ರುಂಪೆರೆ’ ಎಂದಾಯಿತು. ಆದುದರಿಂದ ಧಾತ್ವರ್ಥವು ‘ಸಂಪೂರ್ಣವಾಗಿ ಮುರಿದುಹಾಕು’ ಎಂಬುದು. ಈ ಕ್ರಿಯೆಯು ಸಕರ್ಮಕವೆಂಬುದನ್ನು ಇಲ್ಲಿಯೇ ಗುರುತಿಸಿಕೊಳ್ಳಬೇಕು. ಮುಂದೆ ಇದರಿಂದ ಪ್ರಯೋಜನವಿದೆ. ಹದಿನಾಲ್ಕನೆಯ ಶತಮಾನದ ವೇಳೆಗೆ ಆಂಗ್ಲಭಾಷೆಯನ್ನು ಹೊಕ್ಕ ಈ ಪದವು ಅಲ್ಲಿ ಹಲವು ಕವಲುಗಳಾಗಿ ಒಡೆಯಿತು. ಹೆಣವು ಕೊಳೆಯುವುದು ‘ಕರಪ್ಷನ್’. ಪುಸ್ತಕದ ಪಾಠವು ಲಿಪಿಕಾರರ ಕೈಯಲ್ಲಿ ಕೆಡುವುದು ‘ಕರಪ್ಷನ್’. ಶಬ್ದವು ಜನರ ಬಾಯಲ್ಲಿ ರೂಪಾಂತರ ಹೊಂದುವುದು ‘ಕರಪ್ಷನ್’. ಮನುಷ್ಯನ ಶೀಲವು ಹಾಳಾಗುವುದೂ, ಅಧಿಕಾರಿಯು ಲಂಚ ತಿನ್ನುವುದೂ ‘ಕರಪ್ಷನ್’. ಕ್ರೈಸ್ತರ ಧರ್ಮಪುಸ್ತಕದಲ್ಲಿ ದೇಹದ ನಶ್ವರತೆಯನ್ನು ಹೇಳುವೆಡೆಯಲ್ಲಿಯೂ ಇದೇ ಪದವುಂಟು. ಕನ್ನಡಕ್ಕೆ ಪರಿವರ್ತಿಸಿದವರು ಅಲ್ಲಿ ‘ಲಯ’ ಶಬ್ದವನ್ನು ಹಿಡಿದು, ಅದಕ್ಕೆ ವಿರುದ್ಧವಾದುದನ್ನು ‘ನಿರ್ಲಯ’ವೆಂದು ಕರೆದಿರುವರು. ಈ ‘ನಿರ್ಲಯ’ವು ಚೆಲುವಾದ ಸೃಷ್ಟಿ, ಧರ್ಮಪುಸ್ತಕದ ಹೊರಗೆ ಅದನ್ನು ಯಾರೂ ಬಳಸದಿರುವುದು ವಿಷಾದಕರ.

ಇನ್ನು ‘ಭ್ರಷ್ಟ’. ಇದು ಭ್ರಂಶ್ ಧಾತುವಿನ ಕೃದಂತ. ‘ಜಾರಿದ, ಕೆಳಗೆ ಬಿದ್ದ, ಇದ್ದ ನೆಲೆಯನ್ನು ಕಳೆದುಕೊಂಡ’ ಎಂದು ಅರ್ಥ. ಇದರಲ್ಲಿ ಸ್ವತಃ ನಿಂದೆಯಿಲ್ಲ. ರಾಜ್ಯಭ್ರಷ್ಟನಾದ ಅರಸನು ದುಶ್ಶೀಲನಾಗಿರಬೇಕಾದುದಿಲ್ಲ. ಸ್ಥಾನಭ್ರಷ್ಟವಾದ ಹಲ್ಲಿಗೂ ಕೂದಲಿಗೂ ಪಾಪವಿಲ್ಲ. ‘ಇತೋ ಭ್ರಷ್ಟಸ್ತತೋ ಭ್ರಷ್ಟಃ’ ಎಂಬ ಲೋಕೋಕ್ತಿಯು ಎರಡೂ ಕಡೆಗೆ ಸಲ್ಲದವನ ದುರವಸ್ಥೆಯನ್ನು ಹೇಳುವುದೇ ಹೊರತು ಅವನ ದುರ್ಗುಣವನ್ನಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯದ ಯೋಗಭ್ರಷ್ಟನಂತೂ ಶುಚಿಗಳೂ ಶ್ರೀಮಂತರೂ ಆದವರ ಮನೆಯಲ್ಲಿ ಮರಳಿ ಹುಟ್ಟಿ, ಬಿಟ್ಟ ಸಾಧನೆಯನ್ನು ಬಿಟ್ಟಲ್ಲಿಂದಲೇ ಮುಂದುವರಿಸುವವನು. ಎಲ್ಲಿಂದ ಬಿದ್ದನೆಂಬುದನ್ನು ಪೂರ್ವಪದವು ಹೇಳಿದಲ್ಲದೆ ‘ಭ್ರಷ್ಟ’ ಶಬ್ದದ ಅಭಿಪ್ರಾಯವು ಪೂರ್ಣವಾಗುವುದಿಲ್ಲ. ಹಳೆಯ ಮನೆತನಗಳಲ್ಲಿ ಹಿರಿಯರು ತುಂಟಹುಡುಗನನ್ನು ‘ಅಯ್ಯೋ ಭ್ರಷ್ಟಾ’ ಎನ್ನುವಾಗ ಮಾತ್ರ ಪೂರ್ವಪದವು ಬೇಕಾಗುವುದಿಲ್ಲ. ಅಲ್ಲಿ ಬೈಗಳಿಗಿಂತ ಮುದ್ದೇ ಹೆಚ್ಚು.

‘ಭ್ರಷ್ಟಾಚಾರ’ವೆಂಬ ಸಮಾಸವನ್ನು ಬಿಡಿಸಿದರೆ ತೊಡಕು ತೋರುವುದು. ಸಂಸ್ಕೃತದ ಸಹಜವಾದ ವಾಡಿಕೆಯಲ್ಲಿ ಇದು ಬಹುವ್ರೀಹಿ; ಯಾವನ ಆಚಾರವು ಬಿದ್ದುಹೋಗಿದೆಯೋ ಅವನು ‘ಭ್ರಷ್ಟಾಚಾರ’ನು. ಅದು ವ್ಯಕ್ತಿಗೆ ಸಲ್ಲುವ ವಿಶೇಷಣ. ಈಗಿನ ಬಳಕೆಯಲ್ಲಿ ಅದು ಕರ್ಮಧಾರಯವಾಗಿ ಕೃತ್ಯದ ಹೆಸರಾಗಿದೆ; ಆ ಕೃತ್ಯವನ್ನು ಮಾಡುವವನನ್ನು ಹೇಳಲು ಮತ್ತೆ ‘ಇನ್’ ಪ್ರತ್ಯಯವನ್ನು ಹಚ್ಚಿ ‘ಭ್ರಷ್ಟಾಚಾರಿ’ ಎನ್ನಬೇಕಾಗಿ ಬಂದಿದೆ. ಕರ್ಮಧಾರಯವು ಅಸಾಧುವಲ್ಲ. ಆದರೆ ಆಗ ಅಕ್ಷರಾರ್ಥವು ‘ಬಿದ್ದುಹೋದ ಆಚಾರ’ವೆಂದಾಗುವುದು, ಲೋಪವಾದ ವ್ರತಕ್ಕೋ ನಿಂತುಹೋದ ಜಾತ್ರೆಗೋ ಅದು ಹೆಚ್ಚು ಒಪ್ಪುವುದು. ಅದಕ್ಕಿಂತ ಮುಖ್ಯವಾದುದು, ‘ಆಚಾರ’ ಶಬ್ದವು ತನ್ನ ಜೊತೆಗೆ ತರುವ ಭಾವ. ಮಡಿ, ಸ್ನಾನ, ಭೋಜನನಿಯಮಗಳು ಆಚಾರ. ಸರಕಾರದ ಹಣವನ್ನು ಕಾಯುವುದು ವ್ಯವಹಾರ. ಯಾಜ್ಞವಲ್ಕ್ಯಸ್ಮೃತಿಯ ಮೂರು ಕಾಂಡಗಳಿಗೆ ಆಚಾರ, ವ್ಯವಹಾರ, ಪ್ರಾಯಶ್ಚಿತ್ತ ಎಂದು ಹೆಸರು. ಲಂಚವನ್ನು ‘ಆಚಾರ’ದ ಪತನವೆಂದು ಕರೆದವರು ಈ ವಿಭಾಗವನ್ನು ನೆನೆದಿದ್ದಂತೆ ತೋರುವುದಿಲ್ಲ.

ಭ್ರಂಶ್ ಧಾತುವಿನ ಇನ್ನೊಂದು ಸಂತಾನವು ‘ಅಪಭ್ರಂಶ’. ಆಂಗ್ಲರು ಶಬ್ದರೂಪದ ವಿಕಾರವನ್ನೂ ಶೀಲದ ವಿಕಾರವನ್ನೂ ಒಂದೇ ಪದದಿಂದ ಕರೆದಂತೆ, ಸಂಸ್ಕೃತ ವೈಯಾಕರಣರೂ ಒಂದೇ ಧಾತುವಿನಿಂದ ಎರಡನ್ನೂ ಕರೆದಿರುವರು. ಮಹಾಭಾಷ್ಯಕಾರನಾದ ಪತಂಜಲಿಯು ‘ಗೌಃ’ ಎಂಬ ಒಂದೇ ಸಾಧುಶಬ್ದಕ್ಕೆ ‘ಗಾವೀ’, ‘ಗೋಣೀ’, ‘ಗೋತಾ’, ‘ಗೋಪೋತಲಿಕಾ’ ಎಂಬ ಅಪಭ್ರಂಶಗಳನ್ನು ಎಣಿಸಿರುವುದು ವಿದ್ವಾಂಸರಿಗೆ ಸುವಿದಿತ. ಅರ್ಥವು ಎರಡರಿಂದಲೂ ಸಮಾನವಾಗಿಯೇ ತಿಳಿಯುವುದು, ಧರ್ಮವು ಮಾತ್ರ ಸಾಧುಶಬ್ದದ ಪ್ರಯೋಗದಿಂದ ಉಂಟಾಗುವುದು ಎಂಬುದು ಅವನ ಸಿದ್ಧಾಂತ. ಹೀಗೆ ಶಬ್ದದ ಪತನಕ್ಕೆ ಧರ್ಮದ ಸೋಂಕು ತಗುಲಿತು. ಭಾಟ್ಟಮೀಮಾಂಸಕರೂ ಈ ಚರ್ಚೆಯನ್ನು ವಿಸ್ತರಿಸಿದರು. ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿಯ ಘಟಿಕಾಸ್ಥಾನದಲ್ಲಿ ಈ ವಿದ್ಯೆಗಳೆರಡೂ ನಡೆಯುತ್ತಿದ್ದುವು. ತ್ರೈಲೋಕ್ಯಮಲ್ಲ ಸೋಮೇಶ್ವರನ ಕಾಲದ, 1058ರ ಅಲ್ಲಿಯ ಶಾಸನವು ಇನ್ನೂರು ವೇದಾಧ್ಯಾಯಿಗಳಿಗೂ ಐವತ್ತರಷ್ಟು ಶಾಸ್ತ್ರಾಧ್ಯಾಯಿಗಳಿಗೂ ವೃತ್ತಿಯನ್ನು ಕಲ್ಪಿಸಿ, ಭಾಟ್ಟ, ಪ್ರಾಭಾಕರ, ನ್ಯಾಸ ಇವನ್ನು ಹೇಳುವ ಉಪಾಧ್ಯಾಯರನ್ನೂ, ಪುಸ್ತಕಗಳನ್ನು ಕಾಯುವ ಆರು ಮಂದಿ ಸರಸ್ವತೀಭಂಡಾರಿಗರನ್ನೂ ಹೆಸರಿಸುವುದು. ನ್ಯಾಸವೆಂದರೆ ಪಾಣಿನೀಯಕ್ಕೆ ಕಾಶಿಕಾವೃತ್ತಿಯ ಮೂಲಕ ಹುಟ್ಟಿದ ವ್ಯಾಖ್ಯಾನ. ಸಾಧು, ಅಸಾಧು ಶಬ್ದಗಳ ವಿವೇಚನೆಯು ಆ ಜಗುಲಿಯ ಮೇಲೆ ನಿತ್ಯದ ಪಾಠವಾಗಿದ್ದಿರಬೇಕು.

ಆದರೆ ಇದೇ ಸೀಮೆಯಲ್ಲಿಯೇ ಅದಕ್ಕೆ ನೂರು ವರ್ಷಗಳ ಹಿಂದೆ ‘ಬಿದ್ದ’ ಭಾಷೆಯು ಸಿಂಹಾಸನವನ್ನೇರಿದ್ದಿತು. ಈಗ ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಡದ ಗ್ರಾಮವಾಗಿರುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಅಲ್ಲಿ ಮೂರನೆಯ ಕೃಷ್ಣನ ಮಂತ್ರಿಯಾದ ಭರತನ ಆಶ್ರಯದಲ್ಲಿ ಪುಷ್ಪದಂತನು 959ರಲ್ಲಿ ತೊಡಗಿ 965ರಲ್ಲಿ ಮುಗಿಸಿದ ‘ಮಹಾಪುರಾಣ’ವು ಅಪಭ್ರಂಶಭಾಷೆಯದು. 1937ರಿಂದ 1941ರ ವರೆಗೆ ಪಿ. ಎಲ್. ವೈದ್ಯರು ಮೂರು ಸಂಪುಟಗಳಲ್ಲಿ ಇದನ್ನು ಸಂಪಾದಿಸಿದ ಮೇಲೆ ಇದರ ಗಾತ್ರವೂ ಗೌರವವೂ ಎಲ್ಲರಿಗೂ ಗೋಚರವಾದುವು. ತ್ರಿಷಷ್ಟಿ ಶಲಾಕಾಪುರುಷರ ಚರಿತೆಯನ್ನು ಹೇಳಲು ಸಾಧುವೆನಿಸಿದ ಭಾಷೆಯನ್ನು ‘ಅಪಭ್ರಂಶ’ವೆಂಬ ಹೆಸರಿನಿಂದ ಕರೆದರೂ ಅದರಲ್ಲಿ ಯಾರಿಗೂ ನಿಂದೆಯು ತೋರುವುದಿಲ್ಲ. ಹೆಸರು ಉಳಿದು ಕಳಂಕವು ಹೋಯಿತು. 972ರಲ್ಲಿ ಪರಮಾರ ಸೀಯಕನು ಮಾನ್ಯಖೇಟವನ್ನು ಸೂರೆಗೊಂಡನು. ಅದೇ ವರ್ಷ ಧಾರಾನಗರದಲ್ಲಿ ಧನಪಾಲನು ತನ್ನ ತಂಗಿ ಸುಂದರಿಗಾಗಿ ‘ಪಾಇಯಲಚ್ಛೀನಾಮಮಾಲಾ’ ಎಂಬ ಪ್ರಾಕೃತ ನಿಘಂಟನ್ನು ರಚಿಸಿ, ಆ ಸೂರೆಯಿಂದಲೇ ಅದರ ಕಾಲವನ್ನು ಗುರುತಿಸಿರುವನು. ಒಂದು ಪಟ್ಟಣವು ನಿಜವಾಗಿಯೇ ಬಿದ್ದ ವರ್ಷದಲ್ಲಿ, ‘ಬಿದ್ದ’ ಶಬ್ದಗಳನ್ನು ಜೋಪಾನಮಾಡುವ ನಿಘಂಟು ಹುಟ್ಟಿತು!

ಕನ್ನಡದ ಲಾಕ್ಷಣಿಕರು ಈ ವಿಷಯದಲ್ಲಿ ಮೊದಲಿನಿಂದಲೂ ಸಮಚಿತ್ತರು. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಅಂದರೆ ಇದೇ ಮಾನ್ಯಖೇಟದಲ್ಲಿ, 850ರ ಸುಮಾರಿಗೆ ಹುಟ್ಟಿದ ‘ಕವಿರಾಜಮಾರ್ಗ’ವು ದೋಷಗಳನ್ನು ಕುರಿತು ವಿಸ್ತಾರವಾಗಿ ಹೇಳುವುದಾದರೂ, ದೇಶಭೇದದಿಂದ ಕನ್ನಡಗಳು ಬೇರೆ ಬೇರೆಯಾಗಿರುವುದರಿಂದ ಇಂತಿಷ್ಟೇ ದೋಷವೆಂದು ನಿರ್ಣಯಿಸಲು ಸಾವಿರ ನಾಲಗೆಯ ವಾಸುಕಿಗೂ ಬೇಸರವಾದೀತೆಂದು ಒಪ್ಪಿಕೊಳ್ಳುವುದು. ಕೇಶಿರಾಜನು ‘ಶಬ್ದಮಣಿದರ್ಪಣ’ದ ಒಂದು ಪ್ರಕರಣಕ್ಕೆ ‘ಅಪಭ್ರಂಶ’ವೆಂದೇ ಹೆಸರಿಟ್ಟು, ಶ್ರೀಯು ‘ಸಿರಿ’ಯಾಗುವ, ಯಶವು ‘ಜಸ’ವಾಗುವ, ಆಕಾಶವು ‘ಆಗಸ’ವಾಗುವ ಕ್ರಮವನ್ನು ಸೂತ್ರಗಳಲ್ಲಿ ಬಂಧಿಸಿರುವನು. ಕ್ರಮವುಳ್ಳ ಪತನವನ್ನು ಪತನವೆಂದು ಹೇಳುವುದು ಹೇಗೆ? ಮಾನ್ಯಖೇಟವು ಪ್ರಾಕೃತದಲ್ಲಿ ‘ಮಣ್ಣಖೇಡ’ವಾಗಿ, ಜನರ ಬಾಯಲ್ಲಿ ‘ಮಳಖೇಡ’ವಾಗಿ ಉಳಿದುದನ್ನು ಆಂಗ್ಲ ಗ್ರಂಥಕಾರರ ಪರಿಭಾಷೆಯಲ್ಲಿ ‘ಕರಪ್ಷನ್’ ಎನ್ನಬೇಕಾಗುವುದು. ಊರಿನವರು ಅದನ್ನು ಊರಿನ ಹೆಸರೆಂದಷ್ಟೇ ತಿಳಿದಿರುವರು. ಗ್ರಂಥಸಂಪಾದಕರೂ ಹಸ್ತಪ್ರತಿಯ ಕೆಟ್ಟ ಪಾಠವನ್ನು ‘ಭ್ರಷ್ಟಪಾಠ’ವೆಂದು ಕರೆಯುವುದುಂಟು. ‘ಅಪಪಾಠ’ವೆಂಬ ಹಳೆಯ ಪದವೇ ಅದಕ್ಕಿಂತ ಮೇಲು, ಓಲೆಯನ್ನು ನಕಲುಮಾಡಿದ ಬಡ ಲಿಪಿಕಾರನ ಮೇಲೆ ಅದು ಶೀಲದೋಷವನ್ನು ಹೊರಿಸುವುದಿಲ್ಲ.

ಶೀಲದ ವಿಷಯಕ್ಕೆ ಬಂದರೆ, ಧರ್ಮಶಾಸ್ತ್ರದ ಪಾರಿಭಾಷಿಕ ಪದವು ‘ಭ್ರಷ್ಟ’ವಲ್ಲ, ‘ಪತಿತ’. ಇದೂ ಬೀಳುವಿಕೆಯೇ. ಇದರ ಸ್ವರೂಪವನ್ನು ತಿಳಿಯಲು, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನ ‘ಮಿತಾಕ್ಷರಾ’ಕ್ಕಿಂತ ಉತ್ತಮವಾದ ಆಕರವಿಲ್ಲ. ಶಹಾಬಾದಿಗೆ ಸಮೀಪದ ಮರತೂರನ್ನು ಅವನ ಊರೆಂದು ಈ ಸೀಮೆಯ ಜನರು ಹೇಳುವರು. ಯಾಜ್ಞವಲ್ಕ್ಯನ ದಾಯವಿಭಾಗದಲ್ಲಿ ಕ್ಲೀಬ, ಪಂಗು, ಉನ್ಮತ್ತ ಮೊದಲಾದವರೊಡನೆ ಪತಿತನೂ, ಪತನಾನಂತರ ಅವನಿಗೆ ಹುಟ್ಟಿದವನೂ ಅಂಶಕ್ಕೆ ಅನರ್ಹರು. ಅವರಿಗೆ ಅನ್ನವಸ್ತ್ರಗಳ ಹಕ್ಕುಳ್ಳವರೂ ಉಂಟು, ಪತಿತನಿಗೆ ಅದೂ ಸಂದೇಹಾಸ್ಪದ. ವಿಜ್ಞಾನೇಶ್ವರನು ಇದಕ್ಕೆ ಎರಡು ಮಿತಿಗಳನ್ನು ಹಾಕಿರುವನು. ದೋಷವು ವಿಭಾಗಕ್ಕೆ ಮೊದಲೇ ಒದಗಿದ್ದರೆ ಮಾತ್ರ ಅಂಶವು ತಪ್ಪುವುದು, ಪಡೆದ ಪಾಲನ್ನು ಆಮೇಲೆ ಕಸಿಯಲಾಗದು. ವಿಭಾಗವಾದ ಮೇಲೂ ಔಷಧಾದಿಗಳಿಂದ ದೋಷವು ನೀಗಿದರೆ ಅವನಿಗೆ ಪಾಲು ಬಂದೇ ಬರುವುದು. ದೋಷವು ಬಂದುದು, ಆದುದರಿಂದ ಹೋಗತಕ್ಕುದು ಎಂಬುದು ಈ ವ್ಯಾಖ್ಯಾನದ ಹೃದಯ.

1810ರಲ್ಲಿ ಕೋಲ್‌ಬ್ರೂಕನು ಈ ಭಾಗವನ್ನು ಆಂಗ್ಲಕ್ಕೆ ಪರಿವರ್ತಿಸಿದಾಗ ‘ಪತಿತ’ ಶಬ್ದಕ್ಕೆ ‘ಔಟ್‌ಕಾಸ್ಟ್’ ಎಂದು ಬರೆದನು. ‘ಹೊರಕ್ಕೆ ಎಸೆಯಲ್ಪಟ್ಟವನು’ ಎಂದು ಅದರ ಅರ್ಥ. ಮೂಲದಲ್ಲಿ ಬಿದ್ದವನು ತಾನೇ ಬಿದ್ದನು. ಭಾಷಾಂತರದಲ್ಲಿ ಇತರರು ಅವನನ್ನು ಎಸೆದರು. ಅಪರಾಧದ ಶಬ್ದವು ಬಹಿಷ್ಕಾರದ ಶಬ್ದವಾಯಿತು. ಈ ಭಾಷಾಂತರವು ತಪ್ಪೆಂದು ಹೇಳಿಬಿಡುವುದೂ ಸುಲಭವಲ್ಲ. ಊರಿನ ನಡಾವಳಿಯಲ್ಲಿ ಬೀಳುವವನಿಗಿಂತ ಎಸೆಯುವವರ ಕೈವಾಡವೇ ಹೆಚ್ಚಾಗಿದ್ದ ಸಂದರ್ಭಗಳು ಉಂಟು. ಬ್ರಿಟಿಷರ ಆಡಳಿತದ ಭಾಗಗಳಲ್ಲಿ 1850ರ 21ನೆಯ ಕಾಯಿದೆಯು ಜಾತಿಯಿಂದ ಹೊರಗಾದವನ ದಾಯಹಕ್ಕು ನಷ್ಟವಾಗದಂತೆ ಮಾಡಿತು.

ಇಲ್ಲಿ ಆಂಗ್ಲರ ಧರ್ಮಶಾಸ್ತ್ರದ ಒಂದು ವಿಚಿತ್ರವನ್ನು ಎದುರಿಗಿಟ್ಟು ನೋಡಬೇಕು. ರಾಜದ್ರೋಹ ಮೊದಲಾದ ಮಹಾಪರಾಧಗಳಿಗಾಗಿ ದಂಡಿತನಾದವನ ‘ರಕ್ತವು ಕೆಟ್ಟಿತು’ ಎಂದು ಅವರ ಹಳೆಯ ನ್ಯಾಯವು ಹೇಳುತ್ತಿದ್ದಿತು. ಆ ಸಂಜ್ಞೆಯಲ್ಲಿ ಇದೇ ‘ಕರಪ್ಷನ್’ ಪದವಿದೆ. ರಕ್ತವು ಕೆಟ್ಟಮೇಲೆ ಆಸ್ತಿಯು ಅವನ ಮೂಲಕ ಹರಿಯಲಾರದು. ಅವನ ಮಕ್ಕಳು ಅವನಿಂದಲೂ ಪಡೆಯಲಾರರು, ಅವನನ್ನು ದಾಟಿ ಅಜ್ಜನಿಂದಲೂ ಪಡೆಯಲಾರರು. 1787ರಲ್ಲಿ ರಚಿತವಾದ ಅಮೆರಿಕದ ಸಂವಿಧಾನವು ಈ ಕೆಡುಕಿಗೆ ಕಡಿವಾಣ ಹಾಕಿತು. ಇಂಗ್ಲೆಂಡು ಅದನ್ನು ತೊಡೆದುಹಾಕಿದುದು 1870ರಲ್ಲಿ, ಅಂದರೆ ಭಾರತದ ಪತಿತನ ಹಕ್ಕನ್ನು ಎತ್ತಿಹಿಡಿದ 20 ವರ್ಷಗಳ ಮೇಲೆ. ಪರರ ಮನೆಯ ಧೂಳನ್ನು ಮೊದಲು ಗುಡಿಸುವುದು ಲೋಕಸ್ವಭಾವ.

ಎರಡು ವ್ಯವಸ್ಥೆಗಳೂ ಕಠೋರವಾದುವೇ. ಆದರೆ ರೂಪಕಗಳು ಬೇರೆ. ಕೊಳೆತುದು ಮತ್ತೆ ತಾಜಾ ಆಗಲಾರದು, ಬಿದ್ದವನು ಏಳಬಲ್ಲನು. ಈ ಭೇದವು ಬರಿಯ ಮಾತಿನದಲ್ಲವೆಂಬುದನ್ನು ಯಾಜ್ಞವಲ್ಕ್ಯನ ಪ್ರಾಯಶ್ಚಿತ್ತಕಾಂಡದ ಘಟವಿಧಿಯಲ್ಲಿ ಕಾಣಬಹುದು. ಪ್ರಾಯಶ್ಚಿತ್ತವನ್ನು ಒಲ್ಲದ ಪತಿತನನ್ನು ಬಂಧುಗಳು ತ್ಯಜಿಸುವಾಗ, ಅವನು ಸತ್ತನೆಂಬಂತೆ, ದಾಸಿಯ ಕೈಯಿಂದ ಒಂದು ಕೊಡವನ್ನು ಊರ ಹೊರಗೆ ತರಿಸಿ ಬರಿದುಮಾಡಿಸಬೇಕು. ಅದೇ ಮನುಷ್ಯನು ವ್ರತವನ್ನು ಮುಗಿಸಿ ಮರಳಿ ಬಂದರೆ, ಆ ಬಂಧುಗಳೇ ಅವನೊಡನೆ ಹೊಸ ಕೊಡದ ನೀರನ್ನು ಎರೆಯಬೇಕು. ಆ ಮೇಲೆ ಯಾರೂ ಅವನನ್ನು ಹೇಸಬಾರದು, ಎಲ್ಲ ವಿಧದಲ್ಲಿಯೂ ಅವನೊಡನೆ ಬಾಳಬೇಕು ಎಂದು ಸ್ಮೃತಿಯು ಸ್ಪಷ್ಟವಾಗಿ ವಿಧಿಸುವುದು. ಪತಿತೆಯಾದ ಸ್ತ್ರೀಗೆ, ತ್ಯಜಿಸಿದ ಮೇಲೂ, ಮನೆಯ ಸಮೀಪದಲ್ಲಿಯೇ ವಾಸವನ್ನೂ ಅನ್ನವಸ್ತ್ರಗಳನ್ನೂ ರಕ್ಷಣೆಯನ್ನೂ ಕೊಡಬೇಕು. ಈ ವಿಧಿಗಳು ಜಾತಿಧರ್ಮದ ಕಟ್ಟಿನೊಳಗಿನವೆಂಬುದನ್ನೂ, ಬರಿದಾದ ಕೊಡಗಳು ಹಲವಾಗಿ ಹೊಸ ಕೊಡಗಳು ಕೆಲವೇ ಆಗಿದ್ದಿರಬಹುದೆಂಬುದನ್ನೂ ಮರೆಯಲಾಗದು. ಮಿತಾಕ್ಷರಾವು ಹುಟ್ಟಿದ ಕಲ್ಯಾಣದಲ್ಲಿಯೇ ಕೆಲವು ದಶಕಗಳೊಳಗೆ ಶರಣರು ಜಾತಿಯ ಕಟ್ಟನ್ನೇ ಪ್ರಶ್ನಿಸಿದುದು ಆಕಸ್ಮಿಕವಲ್ಲ. ಆದರೂ ಮರಳುವ ದಾರಿಯನ್ನು ವಿಧಿಯಾಗಿ ಬರೆದಿಟ್ಟುದು ‘ಪತಿತ’ ಶಬ್ದದ ಅರ್ಥದೊಳಗೇ ಸೇರಿದ ಸಂಗತಿ.

ಈಗಿನ ಕಾಯಿದೆಗಳಲ್ಲಿ ‘ಪತಿತ’ನ ಸ್ಥಾನವನ್ನು ಹಿಡಿದಿರುವ ಪದ ‘ಮಾರಲ್ ಟರ್ಪಿಟ್ಯೂಡ್’. ಕನ್ನಡದಲ್ಲಿ ‘ನೈತಿಕ ಅಧಃಪತನ’. ಲ್ಯಾಟಿನ್ನಿನ ‘ತುರ್ಪಿಸ್’ ಎಂದರೆ ಕುರೂಪ, ಹೇಯ ಎಂದರ್ಥ. ಅಲ್ಲಿ ಬೀಳುವುದರ ಮಾತೇ ಇಲ್ಲ. ಭಾಷಾಂತರಕಾರರು ತಿಳಿದೋ ತಿಳಿಯದೆಯೋ ಸ್ಮೃತಿಯ ರೂಪಕವನ್ನು ಅದರಲ್ಲಿ ತುಂಬಿರುವರು. ಕಾಯಿದೆಗಳು ಈ ಪದವನ್ನು ಬಳಸುವುವೇ ಹೊರತು ಲಕ್ಷಣವನ್ನು ಹೇಳುವುದಿಲ್ಲ; 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ವಭಾವತಃ ನೀಚವೂ ಹೇಯವೂ ಆದ ನಡತೆಯೆಂದು ಅದನ್ನು ವಿವರಿಸಬೇಕಾಯಿತು. 1961ರ ವಕೀಲರ ಕಾಯಿದೆಗೆ 1973ರಲ್ಲಿ ಸೇರಿಸಿದ ಪ್ರಕರಣದಂತೆ, ಇಂತಹ ಅಪರಾಧಕ್ಕಾಗಿ ಶಿಕ್ಷೆ ಹೊಂದಿದವನು ವಕೀಲನಾಗಿ ದಾಖಲಾಗಲಾರನು. ಆದರೆ ಬಿಡುಗಡೆಯಾಗಿ ಎರಡು ವರ್ಷಗಳು ಕಳೆದರೆ ಆ ಅನರ್ಹತೆಯು ತೀರುವುದು. ಹೊಸ ಕೊಡದ ನೀರು ಇಲ್ಲಿಯೂ ಉಂಟು.

ಲಂಚದ ಮಾತು ಬೇರೆ. ಸ್ಮೃತಿಯಲ್ಲಿ ಅದರ ಹೆಸರು ‘ಉತ್ಕೋಚ’. ಉತ್ಕೋಚದಿಂದ ಬದುಕುವವರ ದ್ರವ್ಯವನ್ನು ಕಸಿದು ದೇಶದಿಂದ ಹೊರಡಿಸಬೇಕೆಂದು ಯಾಜ್ಞವಲ್ಕ್ಯನು ರಾಜನಿಗೆ ಹೇಳಿರುವನು. ರಾಗದಿಂದಲೋ ಲೋಭದಿಂದಲೋ ಭಯದಿಂದಲೋ ಅನ್ಯಾಯವಾಗಿ ತೀರ್ಮಾನಿಸಿದ ಸಭಾಸದರಿಗೆ ವಿವಾದದಲ್ಲಿ ಸೋತವನು ತೆರಬೇಕಾದ ದಂಡದ ಇಮ್ಮಡಿ ದಂಡ. ಇದು ರಾಜಧರ್ಮ ಮತ್ತು ವ್ಯವಹಾರಗಳ ವಿಷಯ; ಘಟವಿಧಿಯ ವಿಷಯವಲ್ಲ. ಜನರ ಮಾತಿನಲ್ಲಿ ‘ಲಂಚ’ವೇ ನಿಂತಿತು, 12ನೆಯ ಶತಮಾನದ ಶರಣೆ ಸತ್ಯಕ್ಕನ ವಚನವೊಂದರಲ್ಲಿ ಅದು ವಂಚನೆಯ ಜೊತೆಯಾಗಿ ಬಂದಿದೆ. ಚಿತ್ತಾಪುರದ ಸೀಮೆಯು 1948ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದು ಕಚೇರಿಯ ಭಾಷೆಯು ಉರ್ದುವಾಗಿದ್ದುದರಿಂದ ‘ರಿಶ್ವತ್’ ಎಂಬ ಅರಬೀ ಪದವೂ ಇಲ್ಲಿ ಪರಿಚಿತವೇ. ಬಾವಿಯಿಂದ ನೀರು ಸೇದುವ ಹಗ್ಗದ ಹೆಸರಿಗೂ ಅದಕ್ಕೂ ಅರಬೀ ನಿಘಂಟುಕಾರರು ನಂಟು ಹೇಳುವರು: ಹಗ್ಗವಿಲ್ಲದೆ ನೀರು ಎಟುಕದು. ಕಚೇರಿಯ ಮೆಟ್ಟಲಲ್ಲಿ ಕಾದು ಕುಳಿತವರಿಗೆ ಈ ವ್ಯುತ್ಪತ್ತಿಯನ್ನು ವ್ಯಾಖ್ಯಾನಿಸಬೇಕಾದುದಿಲ್ಲ.

ಹಾಗಾದರೆ ಆಂಗ್ಲಪದದ ಎಲ್ಲ ಕವಲುಗಳನ್ನೂ ಒಳಗೊಳ್ಳುವ ಪದವು ಕನ್ನಡದಲ್ಲಿಲ್ಲವೇ? ಉಂಟು, ಅದು ‘ಕೆಡು’. ಹಾಲು ಕೆಡುವುದು, ಹೆಣ್ಣಿನ ಬಣ್ಣ ಕೆಡುವುದು, ಪಾಠ ಕೆಡುವುದು, ಬುದ್ಧಿ ಕೆಡುವುದು, ಊರು ಕೆಡುವುದು. ಹಳೆಯ ಮಾತಿನಲ್ಲಿ ದೀಪವು ಆರುವುದೂ ಕೆಡುವುದೇ. ‘ಬಿಡು’ವಿನಿಂದ ‘ಬೀಡು’ ಆದಂತೆ ‘ಕೆಡು’ವಿನಿಂದ ‘ಕೇಡು’. ತಮಿಳಿನಲ್ಲಿಯೂ ಇವೇ ರೂಪಗಳಿರುವುದರಿಂದ ಇದರ ಪ್ರಾಚೀನತೆಯು ಸಿದ್ಧ. ‘ಕೆಟ್ಟು ಪಟ್ಟಣ ಸೇರು’ ಎಂಬ ಗಾದೆಯಲ್ಲಿ ಕೆಟ್ಟವನು ಬಡವನೇ ಹೊರತು ದುಷ್ಟನಲ್ಲ. ‘ಭ್ರಷ್ಟ’ದಂತೆಯೇ ಇದಕ್ಕೂ ಪೂರ್ವಪದವು ಸೇರಿದಾಗ ಶೀಲದ ಅರ್ಥವು ನಿಶ್ಚಿತವಾಗುವುದು: ಮಾನಗೇಡಿ, ಲಜ್ಜೆಗೇಡಿ, ಹೊಣೆಗೇಡಿ, ನೀತಿಗೆಟ್ಟವನು. ಹೊಣೆಗೇಡಿತನವೆಂಬ ಒಂದು ಪದದಲ್ಲಿ ಸರಕಾರಿ ನೌಕರನ ದೋಷವೆಲ್ಲವೂ ಅಡಗಿದೆ.

ಮೇಲಾಗಿ ‘ಕೆಡು’ವಿಗೆ ‘ಕೆಡಿಸು’ ಎಂಬ ಪ್ರೇರಣಾರ್ಥಕ ರೂಪವಿದೆ. ಲ್ಯಾಟಿನ್ ಧಾತುವು ಸಕರ್ಮಕವೆಂದು ಮೊದಲಿಗೇ ಹೇಳಿದುದು ಇದಕ್ಕಾಗಿ. ‘ಕರಪ್ಷನ್’ ಆಗಬೇಕಾದರೆ ಮುರಿಯುವವನೊಬ್ಬನು ಬೇಕು, ಮುರಿದವನೊಬ್ಬನು ಬೇಕು. ‘ಭ್ರಷ್ಟಾಚಾರ’ವಾದರೋ ಬಿದ್ದವನೊಬ್ಬನನ್ನೇ ತೋರಿಸುವುದು, ‘ಉತ್ಕೋಚಜೀವಿ’ಯೂ ತಿನ್ನುವವನೇ. ಕೊಟ್ಟು ಕೆಡಿಸಿದವನು ಈ ಪದಗಳ ನೆರಳಿನಲ್ಲಿ ಮರೆಯಾಗಿ ನಿಲ್ಲುವನು. ಭಾರತದ 1947ರ ಲಂಚನಿರೋಧದ ಕಾಯಿದೆಯೂ ಅದರ ಸ್ಥಾನಕ್ಕೆ ಬಂದ 1988ರ ಕಾಯಿದೆಯೂ ಮುಖ್ಯವಾಗಿ ತೆಗೆದುಕೊಂಡ ನೌಕರನ ಮೇಲೆಯೇ ದೃಷ್ಟಿಯಿಟ್ಟಿದ್ದುವು. ಕೊಡುವುದನ್ನು ನೇರವಾಗಿ ಅಪರಾಧವೆಂದು ವಿಧಿಸಿದುದು 2018ರ ತಿದ್ದುಪಡಿಯಲ್ಲಿ. ಬಲಾತ್ಕಾರದಿಂದ ಕೊಡಬೇಕಾಗಿ ಬಂದವನು ಏಳು ದಿನಗಳೊಳಗೆ ವರದಿಮಾಡಿದರೆ ಅವನಿಗೆ ಅದರಲ್ಲಿ ವಿನಾಯಿತಿಯುಂಟು. ಆ ತಿದ್ದುಪಡಿಯನ್ನು ಕನ್ನಡದಲ್ಲಿ ಹೇಳಬೇಕಾದವರಿಗೆ ಕೊಡುವವನ ಕೃತ್ಯಕ್ಕೆ ಪದ ಬೇಕಾಗುವುದು. ‘ಕೆಡಿಸುವುದು’ ಎಂದರೆ ಚಿತ್ತಾಪುರದ ಸಂತೆಯಲ್ಲಿಯೂ ಅರ್ಥವಾಗುವುದು.